ಚಾವಣಿಯ ಬಿಸಿಲಿನಿಂದ ಒಲೆಗೆ ಹೈಡ್ರೋಜನ್: ಲೆಕ್ಕ ಕೂಡುತ್ತಾ?

ಓದುಗರ ಪತ್ರ: ನಮ್ಮ ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. ಹಗಲಿನ ಕರೆಂಟ್ ಜಾಸ್ತಿ ಗ್ರಿಡ್‌ಗೇ ಹೋಗುತ್ತದೆ. ಅದರಿಂದ ನೀರು ಒಡೆದು ಹೈಡ್ರೋಜನ್ ಮಾಡಿಕೊಂಡರೆ ಸಿಲಿಂಡರ್ ಕೊಳ್ಳುವುದೇ ಬೇಡ ಅಲ್ವಾ? ನೀವು ಕಾರ್ಖಾನೆಗಳ ಹೈಡ್ರೋಜನ್ ಬಗ್ಗೆ ಮಾತ್ರ ಬರೆಯುತ್ತೀರಿ.
– ಗದಗ ಜಿಲ್ಲೆಯ ಓದುಗರು

ಸಂಪಾದಕರ ಉತ್ತರ: ನಿಮ್ಮ ದೂರು ನ್ಯಾಯವಾದದ್ದೇ. ವಿಜ್ಞಾನವೂ ನಿಮ್ಮ ಕಡೆಗಿದೆ. ಕೈಕೊಡುವುದು ಲೆಕ್ಕ.

ತಿಂಗಳಿಗೊಂದು ಸಿಲಿಂಡರ್ ಅಂತ ಇಟ್ಟುಕೊಳ್ಳೋಣ. ಅದರಲ್ಲಿರುವುದು 14.2 ಕೆ.ಜಿ. ಗ್ಯಾಸ್. ಅಷ್ಟೇ ಶಾಖಕ್ಕೆ ಸುಮಾರು ಐದೂವರೆ ಕೆ.ಜಿ. ಹೈಡ್ರೋಜನ್ ಸಾಕು. ಆದರೆ ಒಂದು ಕೆ.ಜಿ. ಹೈಡ್ರೋಜನ್ ತೆಗೆಯಲು 50ರಿಂದ 55 ಯೂನಿಟ್ ಕರೆಂಟ್ ಬೇಕು. ಅಲ್ಲಿಗೆ ತಿಂಗಳಿಗೆ ಹತ್ತಿರಹತ್ತಿರ 300 ಯೂನಿಟ್. ನಿಮ್ಮ ಪ್ಯಾನೆಲ್ ದಿನಕ್ಕೆ 12 ಯೂನಿಟ್ ಕೊಟ್ಟರೂ ತಿಂಗಳಿಗೆ 360. ಅನ್ನ, ಸಾರಿಗೇ ಎಲ್ಲಾ ಖಾಲಿ!

ಅದೇ ಕರೆಂಟನ್ನು ನೇರವಾಗಿ ಇಂಡಕ್ಷನ್ ಒಲೆಗೆ ಕೊಟ್ಟರೆ ಅಷ್ಟೇ ಅಡುಗೆ 130 ಯೂನಿಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಕಾರಣ ಸರಳ. ಉರಿ ಯಾವುದೇ ಇರಲಿ, ಅದರ ಶಾಖದ ಒಂದು ಪಾಲು ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ. ಇಂಡಕ್ಷನ್‌ನಲ್ಲಿ ಪಾತ್ರೆಯ ತಳವೇ ಕಾಯುತ್ತದೆ. ಕರೆಂಟನ್ನು ಗ್ಯಾಸ್ ಮಾಡಿ, ಮತ್ತೆ ಗ್ಯಾಸನ್ನು ಸುಡುವುದು ಬಳಸುದಾರಿ. ಎರಡೂ ಕಡೆ ಶಕ್ತಿ ಸೋರಿಹೋಗುತ್ತದೆ.

ಇನ್ನು ಯಂತ್ರ. ನೀರು ಒಡೆಯುವ ಎಲೆಕ್ಟ್ರೋಲೈಜರ್ ಅಗ್ಗದ ಸಾಮಾನಲ್ಲ. ಬರೀ ಬಿಸಿಲನ್ನೇ ನಂಬಿದರೆ ಅದಕ್ಕೆ ದಿನಕ್ಕೆ ಐದಾರು ಗಂಟೆ ಮಾತ್ರ ಮೈತುಂಬಾ ಕೆಲಸ. ಸಾಲ ಮಾಡಿ ಲಾರಿ ತಂದು, ಉಳಿದ ಹೊತ್ತು ಮನೆ ಮುಂದೆ ನಿಲ್ಲಿಸಿದ ಹಾಗೆ. ಕಂತು ಮಾತ್ರ ನಿಲ್ಲುವುದಿಲ್ಲ. ಹೈಡ್ರೋಜನ್ ದುಬಾರಿಯಾಗಲು ಕರೆಂಟಿನಷ್ಟೇ ಇದೂ ಕಾರಣ.

ಇಡುವುದೆಲ್ಲಿ? ಒಂದು ದಿನದ ಅಡುಗೆಗೆ ಬೇಕಾದ ಹೈಡ್ರೋಜನ್, ಒತ್ತಡ ಹಾಕದಿದ್ದರೆ, 2,000 ಲೀಟರ್‌ಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ದೊಡ್ಡ ನೀರಿನ ಟ್ಯಾಂಕಿನಷ್ಟು. ಒತ್ತಿ ತುಂಬಲು ಕಂಪ್ರೆಸರ್, ಗಟ್ಟಿ ಸಿಲಿಂಡರ್, ಮತ್ತೆ ಖರ್ಚು. ಹೈಡ್ರೋಜನ್‌ಗೆ ವಾಸನೆಯಿಲ್ಲ, ಹಗಲಲ್ಲಿ ಉರಿ ಕಣ್ಣಿಗೆ ಬೀಳುವುದೇ ಕಷ್ಟ. ಗಾಳಿಯಲ್ಲಿ ಶೇಕಡ 4 ಸೇರಿದರೂ ಹೊತ್ತಿಕೊಳ್ಳಬಲ್ಲದು. ಮಾಮೂಲಿ ಗ್ಯಾಸ್ ಒಲೆಯ ಬರ್ನರ್ ಇದಕ್ಕೆ ಆಗುವುದಿಲ್ಲ. ಉರಿ ಒಳಗೇ ನುಗ್ಗುತ್ತದೆ. ಯಾರೋ ವಿಡಿಯೊದಲ್ಲಿ ಮಾಡಿದರು ಅಂತ ಮನೆಯಲ್ಲಿ ಸುಮ್ನೆ ಪ್ರಯೋಗ ಬೇಡ, ದಯವಿಟ್ಟು.

‘ರಾತ್ರಿ ಅಡುಗೆಗೆ ಬಿಸಿಲೆಲ್ಲಿ?’ ಎಂದು ನೀವು ಕೇಳಬಹುದು. ಹೈಡ್ರೋಜನ್ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಇದೊಂದೇ: ಅದು ಹಗಲನ್ನು ಕೂಡಿಡುತ್ತದೆ. ಗ್ರಿಡ್ ಇಲ್ಲದ ಕಡೆ ಯೋಚಿಸಬಹುದೇನೋ. ಅಲ್ಲೂ ಬ್ಯಾಟರಿಯಲ್ಲೇ ಕರೆಂಟಿನ ನಷ್ಟ ಕಡಿಮೆ. ನಿಮ್ಮಲ್ಲಿ ಗ್ರಿಡ್ ಇದೆಯಲ್ಲ, ಹಗಲು ಕೊಟ್ಟು ರಾತ್ರಿ ತೆಗೆದುಕೊಳ್ಳಿ. ಕೊಟ್ಟಿಗೆಯಲ್ಲಿ ನಾಲ್ಕೈದು ದನ ಇದ್ದರಂತೂ ಹಳೆಯ ಗೋಬರ್ ಗ್ಯಾಸೇ ಇದಕ್ಕಿಂತ ಎಷ್ಟೋ ಅಗ್ಗ.

ನಾವು ಕಾರ್ಖಾನೆಗಳ ಬಗ್ಗೆಯೇ ಬರೆಯುವುದಕ್ಕೂ ಇದೇ ಲೆಕ್ಕ ಕಾರಣ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ (ಬಿಸಿಲು, ಗಾಳಿಯಂಥ ಮೂಲಗಳ ಕರೆಂಟಿನಿಂದ ತೆಗೆಯುವ ಹೈಡ್ರೋಜನ್) ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ಕಣ್ಣು ಮುಖ್ಯವಾಗಿ ಗೊಬ್ಬರ, ತೈಲ ಶುದ್ಧೀಕರಣ, ಉಕ್ಕಿನ ಮೇಲೆ. ಯೂರಿಯಾಕ್ಕೆ ಬೇಕಾದ ಅಮೋನಿಯಾವನ್ನು ಹೈಡ್ರೋಜನ್ ಇಲ್ಲದೆ ಮಾಡಲಾಗದು. ಅನ್ನ ಬೇಯಿಸಲು ಬೇರೆ ದಾರಿಗಳಿವೆ.

ಹಾಗಂತ ಸಿಲಿಂಡರ್ ಕನೆಕ್ಷನ್ ಈಗಲೇ ವಾಪಸ್ ಕೊಡಬೇಡಿ. ನಮ್ಮ ಮನೆಯಲ್ಲೂ ಇಂಡಕ್ಷನ್ ಇದೆ. ಆದರೆ ಜೋಳದ ರೊಟ್ಟಿ ಉಬ್ಬುವುದು ಮಾತ್ರ ಇನ್ನೂ ಗ್ಯಾಸ್ ಉರಿಯ ಮೇಲೆಯೇ.