ಡೀಸೆಲ್ ಇಳಿದ ಮಣ್ಣಿಗೆ ಅಣಬೆ ಬೀಜ

ಪ್ರಶ್ನೆ: ಜನರೇಟರ್‌ ಟ್ಯಾಂಕ್ ಸೋರಿ ಸುಮಾರು ಒಂದು ಘನ ಮೀಟರ್ ಮಣ್ಣು ಡೀಸೆಲ್ ಹೀರಿಕೊಂಡಿದೆ. ಅಣಬೆ ಡೀಸೆಲ್ ಒಡೆದು ಮಣ್ಣನ್ನು ಶುದ್ಧ ಮಾಡೀತೆಂದು ಅದರ ಮೇಲೆ ಚಿಪ್ಪಣಬೆ ಬೀಜ ಎರಚಿ ನೀರು ಹಾಕಿದೆವು. ಮೂರು ವಾರವಾದರೂ ಏನೂ ಹುಟ್ಟಿಲ್ಲ. ಎಲ್ಲಿ ತಪ್ಪಿದೆವು?

ಉತ್ತರ: ಬರಿ ಮಣ್ಣಿಗೆ ಎರಚಿದ್ದೇ ತಪ್ಪು. ಚಿಪ್ಪಣಬೆ ಬದುಕುವುದು ಕಟ್ಟಿಗೆ, ಹುಲ್ಲಿನ ಮೇಲೆ. ಡೀಸೆಲ್ ಕೊಟ್ಟು ಅದನ್ನು ಸಾಕಲಾಗದು. ಹುಲ್ಲಿಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯಲು ಅದು ಲ್ಯಾಕೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್‌ನಂಥ ಕಿಣ್ವಗಳನ್ನು ಹೊರಕ್ಕೆ ಬಿಡುತ್ತದೆ. ಲಿಗ್ನಿನ್ ಬಿಟ್ಟು ಬೇರೇನನ್ನೂ ಮುಟ್ಟೆವು ಎಂಬ ಹಟ ಇವುಗಳಿಗಿಲ್ಲ. ಪಕ್ಕದಲ್ಲಿ ಸಿಕ್ಕ, ಡೀಸೆಲ್‌ನ ಉಂಗುರ ರಚನೆಯ ಹೈಡ್ರೊಕಾರ್ಬನ್‌ಗಳನ್ನೂ (ಇಂಗಾಲ, ಜಲಜನಕ ಸೇರಿದ ಸಂಯುಕ್ತಗಳು) ಮುರಿಯುತ್ತವೆ. ಹಾಗಾಗಿ ಮೊದಲು ಹುಲ್ಲಿನಲ್ಲಿ ಅಣಬೆ ಬೆಳೆಸಿ, ಆಮೇಲೆ ಮಣ್ಣಿಗೆ ಸೇರಿಸಬೇಕು.

ಒಣಹುಲ್ಲನ್ನು 3–5 ಸೆಂ.ಮೀ. ಕತ್ತರಿಸಿ, 70–80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದೂವರೆ ಗಂಟೆ ಮುಳುಗಿಸಿಡಿ. ಸೋಸಿ ಆರಿದ ಮೇಲೆ, 10 ಕಿಲೊ ಒದ್ದೆ ಹುಲ್ಲಿಗೆ ಒಂದು ಕಿಲೊ ಬೀಜ ಬೆರೆಸಿ ತೂತು ಮಾಡಿದ ಚೀಲಗಳಿಗೆ ತುಂಬಿ. 25 ಡಿಗ್ರಿ ಆಸುಪಾಸಿನಲ್ಲಿ ಎರಡು ಮೂರು ವಾರದೊಳಗೆ ಅಣಬೆ ಎಳೆ ಹಬ್ಬಿ ಚೀಲವೆಲ್ಲ ಬೆಳ್ಳಗಾಗುತ್ತದೆ. ಹಸಿರು ಬೂಷ್ಟು ಕಂಡ ಚೀಲವನ್ನು ಮುಲಾಜಿಲ್ಲದೆ ಎಸೆಯಿರಿ.

ಮಣ್ಣನ್ನು ಅಗೆದು ದಪ್ಪ ಟಾರ್ಪಾಲಿನ ಮೇಲೆ ಹಾಕಿ, ಹೆಂಟೆ ಒಡೆಯಿರಿ. ಹಿಂಡಿದರೆ ಎಣ್ಣೆ ಜಿನುಗುವಷ್ಟು ತೊಯ್ದ ಮಣ್ಣನ್ನು ಬೇರೆ ಇಡಿ. ಅಲ್ಲಿ ಅಣಬೆ ಎಳೆ ಸಾಯುತ್ತದೆ. ಮೂರು ಪಾಲು ಮಣ್ಣಿಗೆ ಒಂದು ಪಾಲು ಬೆಳ್ಳಗಾದ ಹುಲ್ಲು ಸೇರಿಸಿ, ಅರ್ಧ ಮೀಟರಿಗಿಂತ ಎತ್ತರವಾಗದಂತೆ ರಾಶಿ ಮಾಡಿ ನೆರಳು ಕಟ್ಟಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಹೆಚ್ಚಿನವರು ಸೋಲುವುದು ಇಲ್ಲೇ: ನೀರು ಜಾಸ್ತಿಯಾದರೆ ಗಾಳಿ ಹೋಗದು, ಗಾಳಿ ಇಲ್ಲದೆ ಈ ಕಿಣ್ವಗಳು ಕೆಲಸ ಮಾಡವು. ಮಳೆನೀರು ರಾಶಿಯಿಂದ ಹರಿದು ಹೊರಹೋಗಲೂ ಬಿಡಬೇಡಿ.

ಡೀಸೆಲ್‌ನ ನೇರ ಸರಪಳಿ ಹೈಡ್ರೊಕಾರ್ಬನ್‌ಗಳನ್ನು ತಿನ್ನುವುದರಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳೇ ಗಟ್ಟಿಗರು. ಗಾಳಿ, ತೇವ ಸಿಕ್ಕರೆ ಅವೂ ಚುರುಕಾಗುತ್ತವೆ. ಹಾಗಾಗಿ ಎಲ್ಲ ಕೀರ್ತಿಯನ್ನೂ ಅಣಬೆಗೆ ಕೊಡಲಾಗದು. ಅದರ ಪಾಲು ತಿಳಿಯಲು, ಬೀಜವಿಲ್ಲದ ಬರಿ ಹುಲ್ಲು ಬೆರೆಸಿದ ಪುಟ್ಟ ರಾಶಿಯೊಂದನ್ನು ಪಕ್ಕದಲ್ಲಿಡಿ. ಸೀಸದಂಥ ಲೋಹವಿದ್ದರೆ ಅದನ್ನು ಯಾವ ಶಿಲೀಂಧ್ರವೂ ಒಡೆಯಲಾರದು, ಅಣಬೆಯೊಳಗೆ ಸೇರಿಕೊಳ್ಳಬಹುದು. ರಾಶಿಯಲ್ಲಿ ಎದ್ದ ಅಣಬೆಯನ್ನು ತಿನ್ನಬೇಡಿ, ದನಕ್ಕೂ ಹಾಕಬೇಡಿ.

ವಾಸನೆ ಹೋಯಿತೆಂದು ನಂಬಬೇಡಿ, ಹಗುರ ಭಾಗ ಆವಿಯಾದರೂ ವಾಸನೆ ಹೋಗುತ್ತದೆ. ಶುರುವಿನಲ್ಲೊಮ್ಮೆ, ಮೂರು ತಿಂಗಳಿಗೊಮ್ಮೆ ಎರಡೂ ರಾಶಿಗಳಲ್ಲಿ ಐದಾರು ಕಡೆಯಿಂದ ಮಣ್ಣು ತೆಗೆದು, ಆಯಾ ರಾಶಿಯದನ್ನು ಬೇರೆಯಾಗಿ ಬೆರೆಸಿ, ಗಾಜಿನ ಸೀಸೆಯಲ್ಲಿ ಒಟ್ಟು ಪೆಟ್ರೋಲಿಯಂ ಹೈಡ್ರೊಕಾರ್ಬನ್ ಪರೀಕ್ಷೆಗೆ ಕಳಿಸಿ.