ಸ್ಕ್ಯಾನರಿಗೆ ಎಷ್ಟುದ್ದದ ಆಂಟೆನಾ?

ಪ್ರಶ್ನೆ: ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದಿದೆ. ಕೈಯಲ್ಲಿ ಹಿಡಿಯುವ ಹಳೆಯ ಸ್ಕ್ಯಾನರ್ (ಹಲವು ಫ್ರೀಕ್ವೆನ್ಸಿ ಹುಡುಕಿ ಕೇಳಿಸುವ ರೇಡಿಯೊ) ಸಿಕ್ಕಿದೆ, ಆಂಟೆನಾ ಸಾಕೆಟ್ ಬಿಎನ್‌ಸಿ (ಒತ್ತಿ ತಿರುಗಿಸಿ ಕೂರಿಸುವ ಬಗೆ). ಜೊತೆಗೆ ಬಂದ ಬೆರಳುದ್ದದ ರಬ್ಬರ್ ಆಂಟೆನಾದಲ್ಲಿ 145 ಮೆಗಾಹರ್ಟ್ಸ್ ಸರಿಯಾಗಿ ಕೇಳುವುದಿಲ್ಲ. 435 ಕೂಡ ಬೇಕು, ಬಾಹ್ಯಾಕಾಶ ನಿಲ್ದಾಣವನ್ನೂ ಹಿಡಿಯುವ ಆಸೆ. ಯಾವುದು ಕೊಳ್ಳಲಿ?
– ಕೆ.ಆರ್., ಹುಮನಾಬಾದ್

ಉತ್ತರ: ಪ್ಯಾಕೆಟ್ ಮೇಲಿನ ‘ಹೈ ಗೇನ್’ ಬರಹ ನಂಬಬೇಡಿ, ಟೇಪು ಹಿಡಿದು ಅಳೆಯಿರಿ. 7125ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಕಾಲು ತರಂಗದ (ತರಂಗದ ಉದ್ದದ ಕಾಲು ಭಾಗದಷ್ಟಿರುವ) ಕಡ್ಡಿಯ ಉದ್ದ ಸೆಂ.ಮೀ. ಲೆಕ್ಕದಲ್ಲಿ ಸಿಗುತ್ತದೆ: 145ಕ್ಕೆ ಸುಮಾರು 49, 435ಕ್ಕೆ 16.4. ಈ 16.4ರ ಮೂರರಷ್ಟು ಮತ್ತೆ 49ಕ್ಕೇ ಬರುತ್ತದೆ. ಹಾಗಾಗಿ 49 ಸೆಂ.ಮೀ. ಕಡ್ಡಿ 145ರಲ್ಲಿ ಕಾಲು ತರಂಗವಾಗಿ, 435ರಲ್ಲಿ ಮುಕ್ಕಾಲು ತರಂಗವಾಗಿ, ಎರಡಕ್ಕೂ ನಡೆಯುತ್ತದೆ. ನಿಮಗೆ ಬೇಕಾದದ್ದು ಬಿಎನ್‌ಸಿ ಪ್ಲಗ್ ಇರುವ ಟೆಲಿಸ್ಕೋಪಿಕ್ (ಎಳೆದು ಉದ್ದ ಮಾಡುವ) ಆಂಟೆನಾ. 49ಕ್ಕೆ ಮತ್ತು 16ಕ್ಕೆ ಮಾರ್ಕರಿನಿಂದ ಗೆರೆ ಹಾಕಿಡಿ. ಮುಕ್ಕಾಲು ತರಂಗದ ಕಡ್ಡಿ ಮೇಲ್ಮುಖವಾಗಿ ಹೆಚ್ಚು ಕೇಳಿಸಿಕೊಳ್ಳುವುದರಿಂದ, 435ರಲ್ಲಿ ದೂರದ ಊರಿನ ಸ್ಟೇಷನ್ ಬೇಕಾದಾಗ 16ಕ್ಕೆ ಇಳಿಸಿ ನೋಡಿ.

ಪೂರ್ತಿ ಎಳೆದರೆ ಇನ್ನೂ ಚೆನ್ನಾಗಿ ಕೇಳುತ್ತದೆ ಅನ್ನುವುದು ಸುಳ್ಳು. ಮೀಟರಿನ ಹತ್ತಿರ ಹೋದರೆ ಅದು 145ಕ್ಕೆ ಅರ್ಧ ತರಂಗವಾಗುತ್ತದೆ, ಬುಡದಲ್ಲಿ ಇಂಪೀಡೆನ್ಸ್ (ಸಿಗ್ನಲ್‌ಗೆ ಎದುರಾಗುವ ಅಡ್ಡಿ) ವಿಪರೀತ ಏರಿ ಸಿಗ್ನಲ್ ರೇಡಿಯೊದೊಳಗೆ ಸರಿಯಾಗಿ ಇಳಿಯುವುದಿಲ್ಲ.

ಕಡ್ಡಿ ಆಂಟೆನಾದ ಅರ್ಧ ಭಾಗ ಮಾತ್ರ. ಉಳಿದರ್ಧ ರೇಡಿಯೊದ ಮೈ ಮತ್ತು ಅದನ್ನು ಹಿಡಿದ ನಿಮ್ಮ ಕೈ. ಮೇಜಿನ ಮೇಲಿಟ್ಟ ಕೂಡಲೇ ಸದ್ದು ಕುಗ್ಗುವುದು ಇದೇ ಕಾರಣಕ್ಕೆ. 49 ಸೆಂ.ಮೀ. ಮೆತ್ತನೆಯ ವೈರ್ ತೆಗೆದುಕೊಂಡು, ಒಂದು ತುದಿ ಸುಲಿದು ಬಿಎನ್‌ಸಿಯ ಹೊರಗಿನ ಲೋಹದ ಕೊರಳಿಗೆ ಬಿಗಿಯಾಗಿ ಸುತ್ತಿ, ಉಳಿದದ್ದನ್ನು ಕೆಳಗೆ ಇಳಿಬಿಡಿ. ಒಳಗಿನ ಪಿನ್ನಿಗೆ ತಾಗಬಾರದು. ನಾಲ್ಕೈದು ರೂಪಾಯಿಯ ಈ ಬಾಲ ಎಷ್ಟೋ ದುಬಾರಿ ಆಂಟೆನಾಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಬಾಹ್ಯಾಕಾಶ ನಿಲ್ದಾಣದ ಮಾತು 145.800ರಲ್ಲಿ, ಎಫ್‌ಎಂ. ಅದು ಯಾವಾಗಲೂ ಮಾತಾಡುತ್ತಿರುವುದಿಲ್ಲ. ಶಾಲಾ ಮಕ್ಕಳ ಜೊತೆ ಸಂಭಾಷಣೆ ಇದ್ದಾಗ ಕಾಯಬೇಕು. ತಲೆಯ ಮೇಲೆ ಹಾದರೂ ಸಿಗುವುದು ಹತ್ತು ನಿಮಿಷದ ಆಸುಪಾಸು. ಕಡ್ಡಿಯ ತುದಿಯನ್ನು ನಿಲ್ದಾಣದತ್ತ ಗುರಿ ಇಡಬೇಡಿ, ತುದಿಯ ದಿಕ್ಕಿನಲ್ಲಿ ಅದಕ್ಕೆ ಕಿವಿಯೇ ಇಲ್ಲ, ಪಕ್ಕೆ ತೋರಿಸಿ. ಪತ್ರಾ ಹಾಕಿದ ಮನೆಯೊಳಗೆ ಕೂತು ಇದನ್ನೆಲ್ಲ ಮಾಡಿ ಉಪಯೋಗವಿಲ್ಲ, ಅಂಗಳಕ್ಕೋ ಮಾಳಿಗೆಗೋ ಬನ್ನಿ.

ಇನ್ನೊಂದು: ನಿಮ್ಮ ಲೈಸೆನ್ಸ್ ಹ್ಯಾಮ್ ಬ್ಯಾಂಡಿಗೆ. ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ. ಅದರ ಮಾತಾಗಲಿ ಪೊಲೀಸರ ಮಾತಾಗಲಿ ಹುಡುಕುವ ಉಸಾಬರಿ ಬೇಡ.

ಪ್ರಶ್ನೆ: ಉದ್ದದ ಆಂಟೆನಾ ಹಾಕಿದ ಮೇಲೆ ಎಲ್ಲಿ ತಿರುಗಿಸಿದರೂ ಎಫ್‌ಎಂ ಹಾಡು ಕೇಳುತ್ತದೆ. ಮೊದಲು ಬರುತ್ತಿದ್ದ ಸಣ್ಣ ಸಿಗ್ನಲ್‌ಗಳೂ ಮಾಯ. ರೇಡಿಯೊ ಕೆಟ್ಟಿತೇ?
– ಎಂ.ಎಸ್., ಕಲಬುರಗಿ

ಉತ್ತರ: ಕೆಟ್ಟಿಲ್ಲ, ಹೊಟ್ಟೆ ಬಿರಿದಿದೆ. ಊರೊಳಗಿನ ಎಫ್‌ಎಂ ಟ್ರಾನ್ಸ್‌ಮಿಟರಿನ ಸಿಗ್ನಲ್ ಸ್ಕ್ಯಾನರಿನ ಮೊದಲ ಹಂತದ ಆಂಪ್ಲಿಫೈಯರನ್ನೇ ತುಂಬಿಬಿಡುತ್ತದೆ. ಆಮೇಲೆ ಒಳಗೇ ಮಿಶ್ರಣವಾಗಿ ಇಲ್ಲದ ಜಾಗದಲ್ಲೆಲ್ಲ ಹಾಡು ಹುಟ್ಟುತ್ತದೆ. ಖಾತ್ರಿ ಮಾಡಿಕೊಳ್ಳಲು ಎಟಿಟಿ (ಸಿಗ್ನಲ್ ತಗ್ಗಿಸುವ) ಗುಂಡಿ ಒತ್ತಿ. ಸಿಗ್ನಲ್ ತಗ್ಗಿಸಿದ ಮೇಲೂ ಬೇಕಾದ ಸ್ಟೇಷನ್ ಇನ್ನಷ್ಟು ಸ್ಪಷ್ಟವಾದರೆ ರೋಗ ಇದೇ. ಕಡ್ಡಿಯನ್ನು ಗಿಡ್ಡ ಮಾಡಿ. ಸಾಲದಿದ್ದರೆ 88ರಿಂದ 108 ಮೆಗಾಹರ್ಟ್ಸ್ ತಡೆಯುವ ಎಫ್‌ಎಂ ಫಿಲ್ಟರನ್ನು ಆಂಟೆನಾ ಮತ್ತು ರೇಡಿಯೊ ನಡುವೆ ಹಾಕಿ. ಹಾಡಿನ ಬದಲು ಗುಂಯ್ ಸದ್ದು ಬರುತ್ತಿದ್ದರೆ ಅದು ಬೇರೆ ಕಥೆ: ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಆರಿಸಿ ನೋಡಿ. ಕರೆಂಟ್ ಹೋದಾಗ ಸದ್ದು ನಿಲ್ಲದಿದ್ದರೆ ಮೊದಲ ಅನುಮಾನ ಇನ್ವರ್ಟರ್ ಮೇಲೆ.

ಪ್ರಶ್ನೆ: ಹಳೆ ವೈಫೈ ರೂಟರಿನ ಆಂಟೆನಾ ನನ್ನ ಸ್ಕ್ಯಾನರಿನ ಎಸ್‌ಎಂಎ (ಥ್ರೆಡ್ ಇರುವ ಸಣ್ಣ) ಸಾಕೆಟ್ಟಿಗೆ ಬಿಗಿಯಾಗಿ ಕೂತಿದೆ, ಆದರೆ ಏನೂ ಕೇಳುತ್ತಿಲ್ಲ.
– ಬಿ.ಪಿ., ಶಹಾಪುರ

ಉತ್ತರ: ಟಾರ್ಚ್ ಬಿಟ್ಟು ನೋಡಿ. ಸಾಕೆಟ್ಟಿನ ನಡುವೆ ತೂತು, ಆಂಟೆನಾದ ನಡುವೆಯೂ ತೂತು. ರೂಟರ್‌ಗಳಲ್ಲಿ ಬರುವುದು ರಿವರ್ಸ್ ಎಸ್‌ಎಂಎ: ಥ್ರೆಡ್ ಸೇರುತ್ತದೆ, ಪಿನ್ ಸೇರುವುದಿಲ್ಲ. ಅಡಾಪ್ಟರ್ ಹುಡುಕಲೂ ಬೇಡಿ. ಆ ಆಂಟೆನಾ 2.4 ಗಿಗಾಹರ್ಟ್ಸ್‌ನದು, ಅದರ ಕಾಲು ತರಂಗ ಮೂರು ಸೆಂ.ಮೀ. ಅಷ್ಟೇ. ಒಳಗಡೆ ಥ್ರೆಡ್ ಇದ್ದು ನಡುವೆ ಪಿನ್ ಇರುವುದನ್ನೇ ಕೊಳ್ಳಿ. ಹಲವು ಚೀನಾ ವಾಕಿಟಾಕಿಗಳಲ್ಲಿ ಪಿನ್ ರೇಡಿಯೊ ಕಡೆಗೇ ಇರುತ್ತದೆ, ಅವುಗಳ ಆಂಟೆನಾ ನಿಮ್ಮದಕ್ಕೆ ಕೂರುವುದಿಲ್ಲ. ಉದ್ದದ ಕಡ್ಡಿ ಹಾಕುವುದಾದರೆ ಬುಡಕ್ಕೊಂದು ರಬ್ಬರ್ ವಾಷರ್ ಕೊಡಿ, ಭಾರ ರೇಡಿಯೊದ ಮೈ ಮೇಲೆ ಬೀಳಲಿ. ಇಲ್ಲವಾದರೆ ಸಾಕೆಟ್ ಅಲುಗಾಡಿ ಒಳಗಿನ ಬೆಸುಗೆ ಬಿಡುತ್ತದೆ. ಬೆರಳಿನಿಂದ ತಿರುಗಿಸಿದಷ್ಟು ಬಿಗಿ ಸಾಕು, ಪಕ್ಕಡ್ ಹಾಕಬೇಡಿ.