ದೇವರಕಾಡಿನ ಲಂಟಾನ ಮತ್ತು ನೆಟ್‌ವರ್ಕ್ ಇಲ್ಲದ ಫೋನು

ನಮಸ್ಕಾರ. ಊರಿನ ದೇವರಕಾಡಲ್ಲಿ ಕಿತ್ತ ಲಂಟಾನ ಅನ್ನುವ ಕಳೆಪೊದೆ ಮಳೆ ಕಳೆದ ಮೇಲೆ ಮತ್ತೆ ಎದ್ದಿದೆ, ಎಲ್ಲೆಲ್ಲಿ ಕಿತ್ತಿದ್ದೆವು ಅಂತಲೇ ಗುರುತು ಸಿಗ್ತಿಲ್ಲ, ನೆಟ್‌ವರ್ಕ್ ಇಲ್ಲದೆ ನಡೆಯುವ ಆ್ಯಪ್ ಯಾವುದು ಅಂತ ಕೇಳಿದ್ದೀರಿ.

ಕ್ಯೂಫೀಲ್ಡ್ ಹಾಕಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಮನೆಯಲ್ಲೇ ಕಂಪ್ಯೂಟರಿನಲ್ಲಿ ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶ ಬಳಸಿ ನಕ್ಷೆ ಮಾಡಿ ಫೋನಿಗೆ ತುಂಬಿಕೊಂಡರೆ ಆಯ್ತು. ಜಿಪಿಎಸ್ ಉಪಗ್ರಹದಿಂದ ಬರುವಂಥದ್ದು, ಅದಕ್ಕೆ ಟವರ್ ಬೇಡ.

ಒಂದೊಂದು ಗಿಡಕ್ಕೂ ಚುಕ್ಕೆ ಇಡಬೇಡಿ. ದಟ್ಟ ಮರದಡಿ ಫೋನು 10 ಮೀಟರ್‌ ಆಚೀಚೆ ತೋರಿಸುವುದುಂಟು. ಪೊದೆಯ ಸುತ್ತ ನಡೆದು ಗಡಿ ಎಳೆಯಿರಿ, ಒಂದು ಫೋಟೋ ಸೇರಿಸಿ. ಬದಿಯ ಮರಕ್ಕೆ ಬಣ್ಣದ ಬಟ್ಟೆ ಚೂರು ಕಟ್ಟಿ.

ಆ್ಯಪಿನಲ್ಲಿ ವಿವರ ತುಂಬುವ ಫಾರ್ಮಿನಲ್ಲಿ ತಾರೀಕಿಗಿಂತ ಮುಖ್ಯ, ಹೇಗೆ ತೆಗೆದಿರಿ ಅನ್ನುವುದು. ಕತ್ತಿಯಲ್ಲಿ ಮೊಣಕಾಲೆತ್ತರಕ್ಕೆ ಸವರಿದ್ದೇ, ಬುಡ ಸಮೇತ ಕಿತ್ತಿದ್ದೇ? ಸವರಿದ ಬುಡದಿಂದ ಐದಾರು ಚಿಗುರು ಒಟ್ಟಿಗೆ ಬರುತ್ತವೆ. ನಾವು ಕೆಲಸ ಮಾಡಿದ ಜಾಗದಲ್ಲಿ ಹೀಗೇ ಆಗಿತ್ತು, ನೋಡಿ ತುಂಬಾ ಬೇಜಾರಾಯ್ತು. ಮಣ್ಣಿನ ಕೆಳಗೆ, ಕಾಂಡ ಬೇರು ಸೇರುವ ಗಂಟಿಗಿಂತ ತಗ್ಗಿನಲ್ಲಿ ಬೇರು ಕಡಿದು, ಬುಡ ತಲೆಕೆಳಗಾಗಿ ಇಟ್ಟರೆ ಮತ್ತೆ ಬೇರೂರುವುದು ಕಡಿಮೆ. ಹಣ್ಣಾಗುವ ಮೊದಲೇ ಮಾಡಿ, ಪಿಕಳಾರ ಹಕ್ಕಿಗಳು ಬೀಜ ಹರಡುತ್ತವೆ.

ತೆರವಾದ ಜಾಗಕ್ಕೆ ಕಮ್ಯುನಿಸ್ಟ್ ಗಿಡ (ಕ್ರೋಮೊಲೀನಾ ಅನ್ನುವ ಇನ್ನೊಂದು ಕಳೆ) ನುಗ್ಗುತ್ತದೆ, ಅದಕ್ಕೊಂದು ಕಾಲಂ ಇರಲಿ. ಮುಂಗಾರು ಮುಗಿದ ಕೂಡಲೇ ಆ್ಯಪಿನಲ್ಲಿ ಅದೇ ಗಡಿ ತೆರೆದು ಅಲ್ಲಿಗೇ ಹೋಗಿ ಸಸಿಗಳನ್ನು ಕೈಯಲ್ಲಿ ಕೀಳಿ. ಮಣ್ಣು ಮೆತ್ತಗಿರುವಾಗ ಸಲೀಸು, ಅಲ್ವಾ?

ಹಾಂ, ಕೆಲಸಕ್ಕೆ ಮೊದಲು ದೇವಸ್ಥಾನದ ಸಮಿತಿ, ಅರಣ್ಯ ಇಲಾಖೆ ಇಬ್ಬರ ಒಪ್ಪಿಗೆಯೂ ಇರಲಿ.